ಇಎಫ್ ನಾರ್ಮಲ್ ಬಂತು, ಅಕ್ಕನಿಗೆ ಹೇಳಬೇಕಾ?

ಕಾರ್ಕಳದ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಅಣ್ಣನಿಗೆ ಹೈಪರ್ಟ್ರೋಫಿಕ್ ಕಾರ್ಡಿಯೋಮಯೋಪತಿ ಉಂಟು ಅಂತ ಮಣಿಪಾಲದಲ್ಲಿ ಗೊತ್ತಾಯಿತಂತೆ. ಅಂದ್ರೆ ಹೃದಯದ ಸ್ನಾಯು ದಪ್ಪವಾಗುವ, ವಂಶದಲ್ಲಿ ಬರುವ ಕಾಯಿಲೆ. ಇವರೂ ಉಡುಪಿಯಲ್ಲಿ ಎಕೋ ಮಾಡಿಸಿದ್ರು. ಇಎಫ್ 68% ಬಂತು. ಈಗ ಎರಡು ಪ್ರಶ್ನೆ: ನಾನು ಪಾಸಾ? ಕಾಪುವಿಗೆ ಮದುವೆಯಾಗಿ ಹೋದ ಅಕ್ಕನಿಗೆ ಹೇಳಬೇಕಾ, ಸುಮ್ಮನೆ ಹೆದರಿಸಿದ ಹಾಗೆ ಆಗ್ತದಾ?

ನಾನು ಓದಿದ್ದು ಬಿಕಾಂ, ಡಾಕ್ಟರಲ್ಲ. ಆದ್ರೆ ಪರ್ಸೆಂಟ್ ಕಂಡ ಕೂಡಲೇ "ಯಾವುದರ ಪರ್ಸೆಂಟ್?" ಅಂತ ಕೇಳುವ ಅಭ್ಯಾಸ ಉಂಟು. ಹೃದಯದ ಎಡಗಡೆಯ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನೋದೇ ಇಎಫ್. 100 ಎಂಎಲ್ ತುಂಬಿ 60 ಹೋದ್ರೆ 60%. ಗೋಡೆ ದಪ್ಪವಾಗಿ ಒಳಗಿನ ಜಾಗ ಕಿರಿದಾಯಿತು ಅಂತಿಟ್ಟುಕೊಳ್ಳಿ. 70 ತುಂಬಿ 49 ಹೋದ್ರೆ 70%. ಪರ್ಸೆಂಟ್ ಏರಿತು, ರಕ್ತ ಇಳಿಯಿತು ಮಾರಾಯ್ರೇ!

ಹಾಗಾಗಿ ಈ ಕಾಯಿಲೆ ಇದ್ದೂ ಇಎಫ್ ಎಷ್ಟೋ ವರ್ಷ ನಾರ್ಮಲ್ ಇರಬಹುದು, ಕೆಲವರಲ್ಲಿ ಜಾಸ್ತಿಯೂ ಇರಬಹುದು. ನೀವು ರಿಪೋರ್ಟಿನಲ್ಲಿ ಹುಡುಕಬೇಕಾದ್ದು ಗೋಡೆಯ ದಪ್ಪ. ಬಿಪಿಯಂಥ ಬೇರೆ ಕಾರಣ ಇಲ್ಲದೆ ದೊಡ್ಡವರಲ್ಲಿ ಅದು 15 ಎಂಎಂ ಮುಟ್ಟಿದ್ರೆ ಈ ಕಾಯಿಲೆ ಅಂತ ಲೆಕ್ಕ. ಒಡಹುಟ್ಟಿದವರಿಗೋ ಅಪ್ಪ ಅಮ್ಮನಿಗೋ ಇದ್ರೆ 13 ಸಾಕು. ಎಕೋ ಮಾಡುವಾಗ "ಉಸಿರು ಬಿಗಿಹಿಡಿದು ತಿಣುಕಿ" ಅಂತಾರಲ್ಲ, ಅದು ಸುಮ್ಮನೆ ಅಲ್ಲ. ದಪ್ಪಗೋಡೆ ರಕ್ತದ ದಾರಿಗೆ ಅಡ್ಡ ಬರುವುದು ಕೆಲವರಲ್ಲಿ ಆರಾಮಾಗಿ ಮಲಗಿದಾಗ ಕಾಣುವುದೇ ಇಲ್ಲ, ತಿಣುಕಿದಾಗ ಸಿಕ್ಕಿಬೀಳ್ತದೆ. ಸ್ಟ್ರೇನ್ ಅಂತ ಇನ್ನೊಂದು ಅಳತೆ ಉಂಟು. ಸ್ನಾಯುವಿನ ಎಳೆ ಎಷ್ಟು ಕುಗ್ಗುತ್ತದೆ ಅಂತ ಅದು ನೋಡ್ತದೆ. ಇಎಫ್ ಚೆನ್ನಾಗಿದ್ದಾಗಲೂ ಅದು ಕಡಿಮೆ ಬರಬಹುದು.

ಇನ್ನು ಅಕ್ಕ. ಹೇಳಬೇಕು, ಅನುಮಾನವೇ ಇಲ್ಲ. ಸಾಮಾನ್ಯವಾಗಿ ಈ ಕಾಯಿಲೆಯ ಜೀನ್ ಇರುವವರ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ 50%. ಗಂಡು ಹೆಣ್ಣು ಅಂತಿಲ್ಲ. ಆಸ್ತಿಗೆ ಅಳಿಯಕಟ್ಟೋ ಮಕ್ಕಳಕಟ್ಟೋ, ಇದಕ್ಕೆ ಎರಡೂ ಒಂದೇ! ಅಪರೂಪದ ಕಾಯಿಲೆ ಅಂತಲೂ ಬಿಡಬೇಡಿ, ಸುಮಾರು 500 ಜನರಲ್ಲಿ ಒಬ್ಬರಿಗೆ ಇರ್ತದೆ. ಕಬಡ್ಡಿ ಆಡುವ ಹುಡುಗ, ಅವನಿಗೇನಾಗ್ತದೆ ಅನ್ನಬೇಡಿ. ಕೆಲವರಲ್ಲಿ ಮೊದಲ ಲಕ್ಷಣವೇ ಮೈದಾನದಲ್ಲಿ ಕುಸಿದು ಬೀಳುವುದು.

ಒಂದು ಸಲ ಮಾಡಿಸಿ ಮುಗಿಯಿತು ಅಂತಲೂ ಅಲ್ಲ. ಗೋಡೆ ನಿಧಾನಕ್ಕೆ ದಪ್ಪವಾಗ್ತದೆ. ಮನೆಯ ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಿಗೆ 3ರಿಂದ 5 ವರ್ಷಕ್ಕೊಮ್ಮೆ ಇಸಿಜಿ, ಎಕೋ ಬೇಕಾಗ್ತದೆ. ಅಣ್ಣನ ಜೀನ್ ಟೆಸ್ಟಿನಲ್ಲಿ ದೋಷ ಇಂಥದ್ದೇ ಅಂತ ಖಚಿತವಾದ್ರೆ ಉಳಿದವರು ಅದೊಂದನ್ನೇ ನೋಡಿಸಬಹುದು. ಅದು ಇಲ್ಲದವರಿಗೆ ಮತ್ತೆ ಮತ್ತೆ ಎಕೋ ಬೇಡ.

ಅಕ್ಕನಿಗೆ ಫೋನ್ ಮಾಡುವಾಗ ಅಣ್ಣನ ರಿಪೋರ್ಟನ್ನೂ ವಾಟ್ಸಾಪ್ ಮಾಡಿ. ಅವರು ಎಕೋಗೆ ಹೋದಾಗ ಅದನ್ನು ಮೊದಲೇ ತೋರಿಸಲಿ. ಯಾಕಂದ್ರೆ 13 ಎಂಎಂ ಅನ್ನೋದು ಅಣ್ಣನ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ದಪ್ಪ, ಅಷ್ಟೇ.