ಕಾರ್ಪೆಟ್ಟಿನ ಅಡಿಯ ವಾಸನೆ ಮತ್ತು ಗಿರಾಕಿಗೆ ಕೊಡುವ ಮಾತು



ಪರದೆಯ ಮೇಲೆ ನಾವು ಬಣ್ಣ ತೋರಿಸಬಲ್ಲೆವು, ಸದ್ದು ಕೇಳಿಸಬಲ್ಲೆವು. ವಾಸನೆಯನ್ನು ಮಾತ್ರ ನಿಮ್ಮ ಮನೆಗೆ ತಲುಪಿಸುವ ಉಪಾಯ ನಮ್ಮಲ್ಲಿಲ್ಲ. ಇಂದಿನ ವಿಷಯಕ್ಕೆ ಅದು ಒಳ್ಳೆಯದೇ ಆಯಿತೆನ್ನಿ. ನಾನು ಹೇಳಹೊರಟಿರುವುದು, ಸಾಕಿದ ನಾಯಿಯೋ ಬೆಕ್ಕೋ ಕಾರ್ಪೆಟ್ಟಿನ ಮೇಲೆ ಉಚ್ಚೆ ಹೊಯ್ದರೆ ಉಳಿಯುವ ವಾಸನೆಯ ಬಗ್ಗೆ, ಮತ್ತು ಅದನ್ನು ತೆಗೆಯಲು ಬಂದವನು ಮನೆಯವರಿಗೆ ಕೊಡುವ ಮಾತಿನ ಬಗ್ಗೆ.

ನಗಬೇಡಿ. ಬೆಂಗಳೂರಿನಂಥ ಊರಿನ ಫ್ಲಾಟುಗಳಲ್ಲಿ ನಾಯಿ, ಬೆಕ್ಕು ಸಾಕುವ ಮನೆಗಳು ಬೇಕಾದಷ್ಟಿವೆ. ಸೋಫಾ, ಕಾರ್ಪೆಟ್ಟು ತೊಳೆದುಕೊಡುವುದನ್ನೇ ಕಸುಬು ಮಾಡಿಕೊಂಡ ತರುಣರೂ ಇದ್ದಾರೆ. ನಿಮ್ಮಲ್ಲೇ ಕೆಲವರು ನಾಳೆ ಇಂಥ ಸ್ವಂತ ಉದ್ಯೋಗಕ್ಕೆ ಇಳಿಯಬಹುದು. ಕೆಸರು, ಕಾಫಿ, ಸಾರಿನ ಕಲೆ ತೆಗೆದವನ ಕೆಲಸ ಮುಗಿದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಹಣ ಎಣಿಸಿಕೊಂಡು ಹೊರಡುತ್ತಾನೆ. ಉಚ್ಚೆಯ ವಾಸನೆಯ ಕಥೆ ಹಾಗಲ್ಲ. ಅವನು ಹೋದ ನಾಲ್ಕಾರು ದಿನದ ಮೇಲೆ, ಒಂದು ಮಳೆ ಬಿದ್ದ ಸಂಜೆ ಫೋನು ಬರುತ್ತದೆ: "ಏನಪ್ಪಾ, ದುಡ್ಡು ತಗೊಂಡು ಹೋದೆ, ವಾಸನೆ ಹಾಗೇ ಇದೆಯಲ್ಲ?" ಆತ ಮೋಸಗಾರನೇ ಆಗಿರಬೇಕೆಂದಿಲ್ಲ. ಮನೆಯವರು ಸುಳ್ಳು ಹೇಳುತ್ತಿದ್ದಾರೆಂದೂ ಅಲ್ಲ. ಇಬ್ಬರ ನಡುವೆ ನಿಂತಿರುವುದು ರಸಾಯನಶಾಸ್ತ್ರ. ಮೊದಲು ಅದನ್ನು ನೋಡೋಣ.

ಆಗತಾನೇ ಹೊಯ್ದ ನಾಯಿಯ ಮೂತ್ರಕ್ಕೆ ಅಷ್ಟೇನೂ ಘಾಟು ಇರುವುದಿಲ್ಲ. ಅದರಲ್ಲಿ ಬಹುಪಾಲು ನೀರು. ಜೊತೆಗೆ ಯೂರಿಯಾ, ಲವಣಗಳು, ಬಣ್ಣ ಕೊಡುವ ಕೆಲವು ವಸ್ತುಗಳು. ಯೂರಿಯಾ ಎಂದರೆ ಗೊಬ್ಬರದ ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುವ ಅದೇ ಬಿಳಿಯ ವಸ್ತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಯೂರಿಯಾಕ್ಕೆ ತನ್ನದೇ ಆದ ವಾಸನೆಯಿಲ್ಲ. ಆದರೆ ಒಂದೆರಡು ದಿನ ಕಳೆಯಲಿ. ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಯೂರಿಯಾವನ್ನು ಒಡೆದು ಅಮೋನಿಯ ಮತ್ತು ಇಂಗಾಲದ ಡೈ ಆಕ್ಸೈಡ್ ಮಾಡುತ್ತವೆ. ಮೂಗಿಗೆ ಚುಚ್ಚುವುದು ಈ ಅಮೋನಿಯ. ಸಾಮಾನ್ಯವಾಗಿ ತುಸು ಆಮ್ಲೀಯವಾಗಿದ್ದ ದ್ರವ ಈಗ ಕ್ಷಾರೀಯವಾಗುತ್ತದೆ. ಹಳೆಯ ರೋಮಿನ ಅಗಸರು ಇದೇ ಕಾರಣಕ್ಕೆ ಹಳಸಿದ ಮೂತ್ರವನ್ನು ಕೂಡಿಟ್ಟು ಉಣ್ಣೆಯ ಬಟ್ಟೆ ಒಗೆಯಲು ಬಳಸುತ್ತಿದ್ದರು. ಚಕ್ರವರ್ತಿ ವೆಸ್ಪಾಸಿಯನ್ ಮೂತ್ರದ ಮೇಲೂ ತೆರಿಗೆ ಹಾಕಿದ್ದ.

ಬೆಕ್ಕಿನದು ಇನ್ನೊಂದು ಹೆಜ್ಜೆ ಮುಂದೆ. ಅದರ ಮೂತ್ರದಲ್ಲಿ ಫೆಲಿನೈನ್ ಎಂಬ, ಗಂಧಕವಿರುವ ಅಮೈನೋ ಆಮ್ಲವಿದೆ. ಬೀಜ ಒಡೆಯದ ಗಂಡು ಬೆಕ್ಕಿನಲ್ಲಿ ಇದು ಹೆಚ್ಚು. ಅದು ನಿಧಾನವಾಗಿ ಒಡೆದು ಗಂಧಕಯುಕ್ತ ವಸ್ತುಗಳಾಗುತ್ತದೆ. ಇವು ಎಷ್ಟು ಕಡಿಮೆ ಇದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಅಮೋನಿಯ ಹಾರಿಹೋದ ಮೇಲೂ ಗಂಡು ಬೆಕ್ಕಿನ ನಾತ ಉಳಿಯುವುದು ಇದರಿಂದ.

ಇಲ್ಲಿ ಕಸುಬಿನವರ ಒಂದು ಮಾತನ್ನು ತುಸು ತಿದ್ದಬೇಕು. ಎಲ್ಲದಕ್ಕೂ "ಯೂರಿಕ್ ಆಮ್ಲದ ಹರಳು" ಕಾರಣವೆಂದು ಹೇಳುವುದು ರೂಢಿ. ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗದು ಎಂಬುದು ನಿಜ. ಆದರೆ ಬೆಕ್ಕು ಮತ್ತು ಬಹುತೇಕ ನಾಯಿಗಳ ದೇಹ ಅದರ ಹೆಚ್ಚಿನ ಪಾಲನ್ನು ಅಲಂಟೋಯಿನ್ ಎಂಬ, ನೀರಿನಲ್ಲಿ ಕರಗುವ ವಸ್ತುವಾಗಿ ಬದಲಿಸಿಯೇ ಹೊರಗೆ ಕಳಿಸುತ್ತದೆ. ಚುಕ್ಕೆ ಚುಕ್ಕೆಯ ಡಾಲ್ಮೇಷಿಯನ್ ನಾಯಿ ಇದಕ್ಕೆ ಅಪವಾದ. ಅದರ ಮೂತ್ರದಲ್ಲಿ ಯೂರಿಕ್ ಆಮ್ಲ ಬಹಳ. ಸೀಸೆಯ ಮೇಲೆ ಬರೆದದ್ದನ್ನೆಲ್ಲ ವಿಜ್ಞಾನವೆಂದು ತಿಳಿಯಬೇಕಾಗಿಲ್ಲ.

ಇನ್ನು ಕಾರ್ಪೆಟ್ಟಿನ ರಚನೆ. ಕಾರ್ಖಾನೆಯಲ್ಲಿ ತಯಾರಾದ ಕಾರ್ಪೆಟ್ಟಿನಲ್ಲಿ ನಾವು ಕಾಣುವುದು ಮೇಲಿನ ಜುಂಗನ್ನು ಮಾತ್ರ. ಅದರ ಕೆಳಗೆ ಜುಂಗನ್ನು ಹಿಡಿದಿಡುವ ಬಟ್ಟೆ, ಅಂಟು, ಮತ್ತೊಂದು ಬಟ್ಟೆ. ಗೋಡೆಯಿಂದ ಗೋಡೆಗೆ ಹಾಸಿದ್ದಾದರೆ ಕೆಳಗೆ ಮೆತ್ತೆ, ಅದರಡಿ ಸಿಮೆಂಟಿನ ನೆಲ. ಸುರಿದ ದ್ರವ ಮೇಲೆ ನಿಲ್ಲುವುದಿಲ್ಲ, ಇಳಿಯುತ್ತದೆ, ಇಳಿಯುತ್ತ ಅಗಲವಾಗುತ್ತದೆ. ಮಡಚಿದ ಕಂಬಳಿಯ ಮೇಲೆ ಒಂದು ಲೋಟ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಒಳಮಡಿಕೆಗಳನ್ನು ಬಿಡಿಸಿ ನೋಡಿ. ಮೇಲೆ ಅಂಗೈಯಗಲ ಕಂಡದ್ದು ಅಡಿಯಲ್ಲಿ ತಟ್ಟೆಯಗಲ ಆಗಿರಬಹುದು. ಮೇಲಿನ ಕಲೆಯನ್ನಷ್ಟೇ ಉಜ್ಜಿ ತೊಳೆದವನು ಈ ತಟ್ಟೆಯನ್ನು ಮುಟ್ಟಿಯೇ ಇರುವುದಿಲ್ಲ.

ಮಳೆ ಬಿದ್ದ ಸಂಜೆಯ ಫೋನಿಗೂ ಕಾರಣ ಅಲ್ಲೇ ಇದೆ. ಒಣಗಿದ ಮೂತ್ರದ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವ ಹಾಗೆ. ತೇವ ಬಂದೊಡನೆ ಬ್ಯಾಕ್ಟೀರಿಯಾಗಳು ಮತ್ತೆ ಚುರುಕಾಗುತ್ತವೆ, ಹುದುಗಿದ್ದ ವಾಸನೆ ಮೇಲೇಳುತ್ತದೆ. ತೊಳೆಯುವುದೆಂದರೂ ಒದ್ದೆ ಮಾಡುವುದೇ ತಾನೆ? ಹಾಗಾಗಿ ತೊಳೆದ ದಿನ ವಾಸನೆ ಕಡಿಮೆಯಾಗುವ ಬದಲು ಹೆಚ್ಚಾದದ್ದೂ ಉಂಟು. ಇದನ್ನು ಮೊದಲೇ ಹೇಳಿದರೆ ಅದು ತಿಳಿವಳಿಕೆ. ಗಿರಾಕಿ ಸಿಟ್ಟಾದ ಮೇಲೆ ಹೇಳಿದರೆ ಅದೇ ಮಾತು ನೆಪವಾಗಿ ಕೇಳಿಸುತ್ತದೆ.

ಹಸಿಯಾಗಿರುವಾಗಲೇ ಕೈಹಾಕಿದರೆ ಅರ್ಧ ಕೆಲಸ ಆದಂತೆ. ದಪ್ಪನೆಯ ಹಳೆಯ ಟವೆಲು ಮಡಚಿ ಇಟ್ಟು, ಅದರ ಮೇಲೆ ನಿಂತು ಒತ್ತಿ ಹೀರಿಸಬೇಕು. ಉಜ್ಜಬಾರದು. ತಣ್ಣೀರು ಹಾಕಿ ಮತ್ತೆ ಹೀರಿಸಬೇಕು, ಹೀಗೆ ಮೂರು ನಾಲ್ಕು ಸಲ. ಹಳೆಯದಾದರೆ, ಮೊದಲು ಎಲ್ಲೆಲ್ಲಿ ಎಂದು ಪತ್ತೆ ಮಾಡಬೇಕು. ಕತ್ತಲೆಯ ಕೋಣೆಯಲ್ಲಿ ನೇರಳಾತೀತ ಕಿರಣದ ಟಾರ್ಚು ಹಾಯಿಸಿದರೆ ಒಣಗಿದ ಮೂತ್ರದ ಗುರುತುಗಳು ಮಂಕಾಗಿ ಹೊಳೆಯುತ್ತವೆ. ಕೆಲವು ಸೋಪಿನ ಪುಡಿಯ ಶೇಷವೂ ಹೊಳೆಯುತ್ತದೆ. ಆದ್ದರಿಂದ ಬಗ್ಗಿ ಮೂಸಿ ನೋಡದೆ ಗತ್ಯಂತರವಿಲ್ಲ. ಆಮೇಲೆ ಅಡಿಯವರೆಗೂ ಇಳಿಯುವಷ್ಟು ನೀರು ಕೊಟ್ಟು, ಯಂತ್ರದಿಂದ ಬಲವಾಗಿ ಹೀರಿ ತೆಗೆಯಬೇಕು. ಅಮೋನಿಯ ಬೆರೆಸಿದ ದ್ರಾವಣ ಬೇಡ. ಪ್ರಾಣಿಗೆ ಅದು ತನ್ನದೇ ಗುರುತಿನಂತೆ ಅನ್ನಿಸಿ ಮತ್ತೆ ಅಲ್ಲಿಗೇ ಬರಬಹುದು. ಬಿಳುಪು ಮಾಡುವ ಬ್ಲೀಚು ಖಂಡಿತ ಬೇಡ. ಅಮೋನಿಯದೊಂದಿಗೆ ಅದು ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದು ತಮಾಷೆಯಲ್ಲ, ಶ್ವಾಸಕೋಶಕ್ಕೇ ಅಪಾಯ.

ಈಗ ಅಂಗಡಿಗಳಲ್ಲಿ ಕಿಣ್ವವಿರುವ ದ್ರಾವಣಗಳು ಸಿಗುತ್ತವೆ. ಕೆಲವದರಲ್ಲಿ ಒಳ್ಳೆಯ ಜಾತಿಯ ಬ್ಯಾಕ್ಟೀರಿಯಾಗಳೂ ಇರುತ್ತವೆ. ಇವು ವಾಸನೆಯ ಮೂಲವಸ್ತುವನ್ನೇ ಒಡೆಯುತ್ತವೆ, ಸುಗಂಧದಂತೆ ಮುಚ್ಚಿಡುವುದಿಲ್ಲ. ಆದರೆ ಕಿಣ್ವಕ್ಕೆ ಮೂರು ಷರತ್ತು. ಮೂತ್ರ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಯವರೆಗೆ ಅದೂ ಇಳಿಯಬೇಕು. ಗಂಟೆಗಟ್ಟಲೆ ತೇವ ಆರಬಾರದು. ಕುದಿನೀರಾಗಲಿ ಫಿನಾಯಿಲಾಗಲಿ ತಾಗಬಾರದು. ಒಂದು ನಿಮಿಷ ಸಿಂಪಡಿಸಿ ಒರೆಸಿಬಿಟ್ಟರೆ ಸೀಸೆಯ ಹಣ ದಂಡ.

ಶಾಖಕ್ಕೆ ಕಿಣ್ವ ಕೆಡುತ್ತದೆ ಎಂಬುದನ್ನು ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೇ ನೋಡಬಹುದು. ಹಸಿ ಸೋಯಾ ಕಾಳಿನಲ್ಲಿ ಯೂರಿಯೇಸ್ ಇದೆ. ಸ್ವಲ್ಪ ಕಾಳನ್ನು ನೆನೆಸಿ ಅರೆಯಿರಿ. ಇನ್ನು ಸ್ವಲ್ಪವನ್ನು ಚೆನ್ನಾಗಿ ಬೇಯಿಸಿ ಅರೆಯಿರಿ. ಎರಡು ಪ್ರನಾಳಗಳಲ್ಲಿ ಯೂರಿಯಾದ ದ್ರಾವಣ ತೆಗೆದುಕೊಂಡು ಒಂದಕ್ಕೆ ಹಸಿಯದು, ಒಂದಕ್ಕೆ ಬೆಂದದ್ದು ಹಾಕಿ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಬಾಯಿಗೆ ಹಿಡಿಯಿರಿ. ಹಸಿ ಕಾಳಿನ ಮೇಲಿನ ಕಾಗದ ಸ್ವಲ್ಪ ಹೊತ್ತಿನಲ್ಲಿ ನೀಲಿಯಾಗುತ್ತದೆ. ಬೆಂದದ್ದರ ಮೇಲಿನದು ಕೆಂಪಾಗಿಯೇ ಉಳಿಯುತ್ತದೆ. ಇದೇ ಕಿಣ್ವವನ್ನು ಅವರೆ ಜಾತಿಯ ಮತ್ತೊಂದು ಕಾಳಿನಿಂದ 1926ರಲ್ಲಿ ಹರಳಾಗಿ ಬೇರ್ಪಡಿಸಿದವರು ಅಮೆರಿಕದ ಜೇಮ್ಸ್ ಸಮ್ನರ್. ಚಿಕ್ಕಂದಿನಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ, ಅದಕ್ಕೆ ಮುಂಚೆ ಎಡಚರಾಗಿದ್ದ ಈ ಮನುಷ್ಯ, ಕಿಣ್ವವೂ ಒಂದು ಪ್ರೋಟೀನ್ ಎಂದು ತೋರಿಸಿ 1946ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಹಾಸಿನ ನೂಲು ಯಾವುದೆಂದು ತಿಳಿಯದೆ ಕೈಹಾಕುವುದು ದೊಡ್ಡ ಅನಾಹುತಕ್ಕೆ ದಾರಿ. ಕಾಶ್ಮೀರದಿಂದಲೋ ಭದೋಹಿಯಿಂದಲೋ ಬಂದ ಕೈಗಂಟಿನ ರತ್ನಗಂಬಳಿ ಉಣ್ಣೆಯದಾಗಿದ್ದರೆ, ಉಣ್ಣೆ ಎಂದರೇ ಪ್ರೋಟೀನ್. ಪ್ರೋಟೀನ್ ಒಡೆಯುವ ಕಿಣ್ವಕ್ಕೆ ಕಲೆ ಯಾವುದು, ಉಣ್ಣೆ ಯಾವುದು ಎಂಬ ಭೇದವಿಲ್ಲ, ಎರಡನ್ನೂ ತಿನ್ನುತ್ತದೆ. ಕ್ಲೋರಿನ್ನಿನ ಬ್ಲೀಚಿನಲ್ಲಂತೂ ಉಣ್ಣೆಯ ಎಳೆ ಕರಗಿಯೇ ಹೋಗುತ್ತದೆ. ನಮ್ಮ ಧಾರವಾಡ ಜಿಲ್ಲೆಯ ನವಲಗುಂದದ ಹೆಂಗಸರು ನೇಯುವ ಜಮಖಾನೆ ಹತ್ತಿಯದು. ಅದಕ್ಕೆ ಅಂಟಿಲ್ಲ, ಮೆತ್ತೆಯಿಲ್ಲ. ಎತ್ತಿಕೊಂಡು ಹೋಗಿ ಎರಡೂ ಮಗ್ಗುಲು ತೊಳೆದು ಗಾಳಿಗೆ ಹರವಬಹುದು. ವಾಸನೆಯ ಮಟ್ಟಿಗೆ ಇದರಷ್ಟು ಸಲೀಸಾದ ಹಾಸು ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಆದರೂ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಒಂದು ಮೂಲೆಗೆ ಒತ್ತಿ, ಬಣ್ಣ ಬಿಡುತ್ತದೆಯೋ ಎಂದು ನೋಡದೆ ಮುಂದುವರಿಯಬಾರದು. ಹಳೆಯ ಮೂತ್ರದ ಕ್ಷಾರ ಎಷ್ಟೋ ಸಲ ಬಣ್ಣವನ್ನೇ ಬದಲಿಸಿರುತ್ತದೆ. ಅದು ಕೊಳೆಯಲ್ಲ, ಬಣ್ಣಕ್ಕೇ ಆದ ಕೇಡು, ತೊಳೆದರೆ ಹೋಗುವಂಥದ್ದಲ್ಲ.

ನನ್ನ ಕಸುಬಿನ ಒಂದು ಮಾತು. ಕಾರ್ಪೆಟ್ಟು ತೊಳೆಯುವ ದೃಶ್ಯ ಕ್ಯಾಮೆರಾಕ್ಕೆ ಬಲು ಚೆನ್ನ. ನೊರೆ ಏಳುತ್ತದೆ, ಯಂತ್ರದ ಹಾದಿಯಲ್ಲಿ ಬಣ್ಣ ಬಿಚ್ಚಿಕೊಳ್ಳುತ್ತದೆ, ತೊಟ್ಟಿಯಲ್ಲಿ ಕಪ್ಪು ನೀರು ತುಂಬುತ್ತದೆ. ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ನೋಡುವವರು ಒಪ್ಪಿಬಿಡುತ್ತಾರೆ. ವಾಸನೆಗೆ ಇಂಥ ಚಿತ್ರವಿಲ್ಲ. ಮೇಲಾಗಿ ಮೂಗು ನಂಬಿಕೆಯ ಸಾಕ್ಷಿಯೂ ಅಲ್ಲ. ದಿನವೂ ಅದೇ ವಾಸನೆಯಲ್ಲಿ ಇರುವವರ ಮೂಗು ಒಗ್ಗಿಹೋಗಿರುತ್ತದೆ. ಬಂದ ನೆಂಟರು ಮೂಗು ಮುಚ್ಚಿಕೊಂಡಾಗಲೇ ಅವರಿಗೆ ಗೊತ್ತಾಗುವುದು. ತೊಳೆಯುವವನ ಮೂಗೂ ಅರ್ಧ ಗಂಟೆಯಲ್ಲಿ ಸೋಲುತ್ತದೆ. ಹಣ ಕೊಟ್ಟ ಮೇಲೆ ಮಾತ್ರ ಮನೆಯವರ ಮೂಗು ಚುರುಕಾಗಿ ಮೂಲೆ ಮೂಲೆ ಮೂಸುತ್ತದೆ, ಅದು ಸಹಜ. ಅದಕ್ಕೇ ಪರೀಕ್ಷೆ ಆಗಬೇಕಾದ್ದು ಪೂರ್ತಿ ಒಣಗಿದ ಮೇಲೆ, ಹೊರಗೆ ಹೋಗಿ ಬಂದವರ ಮೂಗಿನಿಂದ.

ಕೆಲಸ ಬಲ್ಲವನು ಯಂತ್ರಕ್ಕೆ ಕೈಹಾಕುವ ಮೊದಲು ಮಾತಿಗೆ ಕೂರುತ್ತಾನೆ. "ಪೂರ್ತಿ ಹೋಗುತ್ತೇನಪ್ಪಾ?" ಎಂದು ಮನೆಯಾಕೆ ಕೇಳುತ್ತಾರೆ. "ಕಲೆ ತಿಳಿಯಾಗುತ್ತೆ ಮೇಡಂ. ವಾಸನೆ ಎಷ್ಟು ಹೋಗುತ್ತೆ ಅನ್ನೋದು ಅಡಿಗೆ ಎಷ್ಟು ಇಳಿದಿದೆ ಅನ್ನೋದರ ಮೇಲಿದೆ. ಒಂದು ಮೂಲೆ ಎತ್ತಿ ನೋಡಲಾ? ಎಷ್ಟು ದಿನದ್ದು ಇದು? ಒಂದೇ ಜಾಗಾನಾ, ಬೇರೆ ಕಡೆನೂ ಮಾಡಿದೆಯಾ? ನೀವು ಮೊದಲೇ ಏನಾದರೂ ಹಾಕಿ ತೊಳೆದಿದ್ದೀರಾ?" ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಅವನು ದರ ಹೇಳುವುದು. ಒಂದು ದಿನದ, ಒಂದೇ ಸಲದ ಕಲೆಯಾದರೆ ಧೈರ್ಯವಾಗಿ ಒಪ್ಪಿಕೊಳ್ಳಬಹುದು. ಆರು ತಿಂಗಳಿನಿಂದ ಅದೇ ಮೂಲೆಗೆ ಬೆಕ್ಕು ಹೋಗುತ್ತಿದ್ದರೆ ಮೆತ್ತೆ ಬದಲಿಸಬೇಕು, ನೆಲವನ್ನೂ ತೊಳೆದು ಒಣಗಿಸಬೇಕು. ಅಷ್ಟಾದ ಮೇಲೂ ತೇವದ ದಿನಗಳಲ್ಲಿ ತುಸು ಉಳಿದೀತು. ಕೆಲವೊಮ್ಮೆ "ಇದಕ್ಕೆ ದುಡ್ಡು ಹಾಕಬೇಡಿ, ಈ ತುಂಡು ತೆಗೆಸಿಬಿಡಿ" ಎನ್ನುವುದೇ ಸರಿಯಾದ ಸಲಹೆ. ಅಂದಿನ ಸಂಪಾದನೆ ಕೈತಪ್ಪುತ್ತದೆ ನಿಜ. ಆದರೆ ಇಂಥವನನ್ನು ಆ ಮನೆಯವರು ಪಕ್ಕದ ಮನೆಗೆ ತಾವೇ ಹೇಳಿ ಕಳಿಸುತ್ತಾರೆ.

ಒಪ್ಪಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ಇನ್ನೂ ಒಳ್ಳೆಯದು: ಯಾವ ಜಾಗ, ಏನು ಮಾಡುತ್ತೇನೆ, ಏನು ಉಳಿಯಬಹುದು, ಒಣಗಿದ ಮೇಲೆ ಒಮ್ಮೆ ಬಂದು ನೋಡುತ್ತೇನೆ. "ನೂರಕ್ಕೆ ನೂರು ಗ್ಯಾರಂಟಿ" ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವವರಿಗೆ ಕಾನೂನು ತಿಳಿದಿರಲಿ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗಕ್ಕೆ ಈಗ 2019ರ ಕಾಯಿದೆ ಬಂದಿದೆ. ಮಾಡಿಕೊಡುತ್ತೇನೆಂದು ಒಪ್ಪಿದ ಕೆಲಸದಲ್ಲಿ ಕೊರತೆಯಾದರೂ ಅದು ಸೇವಾ ನ್ಯೂನತೆಯೇ. ಸುಳ್ಳು ಗ್ಯಾರಂಟಿ ಕೊಡುವ ಜಾಹೀರಾತು ದಾರಿತಪ್ಪಿಸುವ ಜಾಹೀರಾತು. ಗಿರಾಕಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಂದರೆ ತನ್ನನ್ನು ಅಳೆಯುವ ಅಳತೆಗೋಲನ್ನು ಎಷ್ಟೋ ಸಲ ಕೆಲಸದವನೇ ತನ್ನ ಬಾಯಿಂದ ತಯಾರಿಸಿ ಕೊಟ್ಟಿರುತ್ತಾನೆ.

ಗಿರಾಕಿಯಾಗಿ ನೀವು ಕೇಳಬೇಕಾದ್ದೂ ಇದೆ. ಸುಗಂಧ ಹೊಡೆದು ಮುಚ್ಚುತ್ತಾನೋ, ಅಡಿಯವರೆಗೆ ತೊಳೆಯುತ್ತಾನೋ ಎಂದು ಮೊದಲೇ ವಿಚಾರಿಸಿ. ಹಿಂದೆ ನೀವೇ ಏನು ಸುರಿದಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. ಬ್ಲೀಚು ಹಾಕಿದ್ದರೆ ಅದನ್ನು ಹೇಳದಿರುವುದು ಕೆಲಸ ಮಾಡುವವನ ಆರೋಗ್ಯಕ್ಕೇ ಕುತ್ತು.

ಕೊನೆಯದಾಗಿ, ಪ್ರಾಣಿಯ ವಿಚಾರ. ಶುಚಿಯಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಾರ್ಪೆಟ್ಟಿನ ಮೇಲೆ ಹೊಯ್ಯತೊಡಗಿದರೆ ಹೊಡೆಯಬೇಡಿ. ಮೂತ್ರಕೋಶದ ಉರಿಯೋ ಹರಳೋ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿದರೂ ಹನಿ ಬೀಳದಿದ್ದರೆ ಮೂತ್ರನಾಳ ಕಟ್ಟಿರುವ ಸಾಧ್ಯತೆಯಿದೆ. ತಡವಾದರೆ ಅದು ಬದುಕುವುದಿಲ್ಲ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಬೇರೆ ಊರಿನವರಾದರೆ ಹತ್ತಿರದ ಪಶು ಆಸ್ಪತ್ರೆ, ಅದೇ ದಿನ ಕರೆದೊಯ್ಯಿರಿ. ಕಾರ್ಪೆಟ್ಟು ತೊಳೆಯುವವನು ಅದಾದ ಮೇಲೆ ಬಂದರೂ ನಡೆಯುತ್ತದೆ.