ರಾಡು ಸುಟ್ಟು ಕಲಿಯುವ ವಿದ್ಯೆ

(ಹಗರಿಬೊಮ್ಮನಹಳ್ಳಿಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ತರುಣರೂ ತಂದೆತಾಯಿಗಳೂ ಸೇರಿದ್ದ ಸಭೆಯಲ್ಲಿ ನಿವೃತ್ತ ವೆಲ್ಡರ್ ಒಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಮೂವತ್ತು ವರ್ಷ ವೆಲ್ಡಿಂಗ್ ಹೋಲ್ಡರು ಹಿಡಿದವನು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಸಂಸಾರಗಳು ಕಬ್ಬು ಕಡಿಯಲು, ಕಾಫಿ ತೋಟದ ಕೂಲಿಗೆ ಗುಳೆ ಹೋಗುವುದು ನಿಮಗೆ ನಾನು ಹೇಳಬೇಕಾದ ಸಂಗತಿಯಲ್ಲ. ಹಾಗೆ ಹೋದವರ ಹುಡುಗ ಶಾಲೆ ಬಿಡುತ್ತಾನೆ. ಬಸ್ ಸ್ಟ್ಯಾಂಡಿನ ಪಕ್ಕದ ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿ ಸುತ್ತಿಗೆ ಎತ್ತಿಕೊಡಲು ನಿಲ್ಲುತ್ತಾನೆ. ನಾನೂ ಹಾಗೆಯೇ ನಿಂತವನು.

ಅಲ್ಲಿ ನನಗೆ ಯಾರೂ ಪಾಠ ಹೇಳಲಿಲ್ಲ. ಕಿಟಕಿ, ಗ್ರಿಲ್ಲು, ಟ್ರಾಕ್ಟರ್ ಟ್ರೈಲರು, ನೇಗಿಲು ಎಂದು ಬಂದದ್ದಕ್ಕೆಲ್ಲ ಬೆಸುಗೆ ಹಾಕುವುದೇ ಪಾಠ. ಕಪ್ಪು ಗಾಜು ಒಂದೇ ಇತ್ತು, ಅದು ಯಜಮಾನನ ಕೈಯಲ್ಲಿ. ನಾನು ಮುಖ ತಿರುಗಿಸಿ ಅಂದಾಜಿನ ಮೇಲೆ ರಾಡು ತಾಗಿಸುತ್ತಿದ್ದೆ. ಮೊದಲ ದಿನ ಏನೂ ಆಗಲಿಲ್ಲವೆಂದು ಹಿಗ್ಗಿದೆ. ನಡುರಾತ್ರಿ ಎದ್ದರೆ ಕಣ್ಣಿಗೆ ಮರಳು ಸುರಿದ ಹಾಗೆ ಉರಿ. ಆ ಬೆಳಕಿನ ಏಟು ಕೆಲವು ತಾಸು ಬಿಟ್ಟು ಕಾಣಿಸಿಕೊಳ್ಳುತ್ತದೆಂದು ನನಗೆ ತಿಳಿಯದು. ಅವ್ವ ಆಲೂಗಡ್ಡೆ ಹೆಚ್ಚಿ ಕಣ್ಣಿನ ಮೇಲಿಟ್ಟಳು. ಜಿಂಕ್ ತಗಡಿಗೆ ವೆಲ್ಡಿಂಗ್ ಮಾಡಿದ ರಾತ್ರಿ ಚಳಿಜ್ವರ ಬಂದರೆ, ಬೆಲ್ಲ ತಿನ್ನು ಹೋಗುತ್ತದೆ ಎನ್ನುತ್ತಿದ್ದರು. ಬೆಲ್ಲ ತಿಂದೆವು, ಹೊಗೆ ಒಳಗೇ ಉಳಿಯಿತು. ವೆಲ್ಡಿಂಗ್ ಹೊಗೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು 2017ರಲ್ಲಿ ತೀರ್ಮಾನಿಸಿದರು. ಅಷ್ಟು ಹೊತ್ತಿಗೆ ನನ್ನ ಓರಗೆಯವರು ಅದನ್ನು ಸಾಕಷ್ಟು ಕುಡಿದಾಗಿತ್ತು.

ಮುಂದೆ ಒಂದು ಕಾರ್ಖಾನೆ ಸೇರಿದೆ. ಹೆಸರು ಬೇಡ. ಹನ್ನೊಂದು ವರ್ಷ ಅಲ್ಲಿ ಬೆಸುಗೆ ಹಾಕಿದೆ. ಗುತ್ತಿಗೆದಾರನ ಪುಸ್ತಕದಲ್ಲಿ ಮಾತ್ರ ಹನ್ನೊಂದು ವರ್ಷವೂ ನಾನು 'ಹೆಲ್ಪರ್'! ಕುಶಲ ಕೆಲಸಗಾರನ ಕೆಲಸ, ಅಕುಶಲ ಕೂಲಿಯ ಸಂಬಳ. ಕೇಳಿದರೆ, "ನೀನು ವೆಲ್ಡರ್ ಎನ್ನುವುದಕ್ಕೆ ಕಾಗದ ಎಲ್ಲಿದೆ?" ಎಂದ. ನನ್ನ ಹತ್ತಿರ ಇರಲಿಲ್ಲ. ಆ ಒಂದು ಪ್ರಶ್ನೆಯಿಂದಲೇ ನಾನು ಇಲ್ಲಿ ನಿಂತಿದ್ದೇನೆ.

ಆ ಕಾಗದ ಸಿಗುವುದು ಐ.ಟಿ.ಐ.ಯಲ್ಲಿ. ನಮ್ಮ ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ವೆಲ್ಡರ್ ವಿಭಾಗಕ್ಕೆ ಎಂಟನೆಯ ತರಗತಿ ಪಾಸಾಗಿದ್ದರೆ ಸಾಕು, ಒಂದೇ ವರ್ಷದ ಕಲಿಕೆ. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ನಮ್ಮ ಮನೆಗಳ ಬಾಗಿಲು ತೆರೆದಿಲ್ಲ, ಅಷ್ಟೆ. ಕೊನೆಗೆ ಅಖಿಲ ಭಾರತ ಪರೀಕ್ಷೆ, ಪಾಸಾದವರಿಗೆ ರಾಷ್ಟ್ರೀಯ ಪ್ರಮಾಣಪತ್ರ. ಆಮೇಲೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಭತ್ಯೆ ಪಡೆದು ಕೆಲಸ ಕಲಿಯಬಹುದು.

ಆದರೆ ಕಾಗದವೊಂದೇ ಸಾಲದು ಬಂಧುಗಳೇ. ವೆಲ್ಡಿಂಗ್ ಕಣ್ಣಿಗೆ ಸುಲಭ, ಕೈಗೆ ಕಷ್ಟ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಒಂದು ಜೋಳದ ಕಾಳಿನಷ್ಟು ಅಂತರ. ಅದು ಹೆಚ್ಚಾದರೆ ಸಿಡಿಯುತ್ತದೆ, ಕಡಿಮೆಯಾದರೆ ರಾಡು ಅಂಟುತ್ತದೆ. ಮಲಗಿಸಿದ ತಗಡಿಗೆ ಬೆಸುಗೆ ಯಾರಾದರೂ ಹಾಕಿಯಾರು. ನಿಂತ ತಗಡು, ತಲೆಯ ಮೇಲಿನ ತಗಡು, ಆಮೇಲೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪು—ಇದಕ್ಕೆ 'ಸಿಕ್ಸ್ ಜಿ' ಎನ್ನುತ್ತಾರೆ—ಅದನ್ನು ಗೆದ್ದವನಿಗೆ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯಾಗಲಿ ಅರಬ್ ದೇಶವಾಗಲಿ ದೂರವಲ್ಲ. ಇನ್ನೊಂದು ಮಾತು. 7018 ಎಂಬ ರಾಡನ್ನು ಒಲೆಯಲ್ಲಿ ಚೆನ್ನಾಗಿ ಕಾಯಿಸಿ ತೇವ ತೆಗೆದು ಬಳಸಬೇಕು. ತೇವ ಉಳಿದರೆ ಬೆಸುಗೆಯೊಳಗೆ ಜಲಜನಕ ಸೇರುತ್ತದೆ. ಅಂದು ಗಟ್ಟಿ ಕಂಡ ಬೆಸುಗೆ ಒಂದೆರಡು ದಿನ ಬಿಟ್ಟು ಒಳಗೊಳಗೇ ಸೀಳಬಹುದು. ನನ್ನ ಅಂಗಡಿಯಲ್ಲಿ ಆ ಒಲೆಯ ಹೆಸರನ್ನೇ ಕೇಳಿರಲಿಲ್ಲ. ಇದು ಪುಸ್ತಕ ಬಲ್ಲ ಗುರು, ಒಲೆ, ಯಂತ್ರ ಇದ್ದ ಕಡೆ ಮಾತ್ರ ಬರುವ ವಿದ್ಯೆ.

ಬೆಸುಗೆಗೆ ಏನು ಬೆಲೆ ಎಂದು ನಮ್ಮ ಸೀಮೆಗೆ ತಿಳಿದದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಆಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು, 60 ಅಡಿ ಅಗಲದ ಗೇಟು ಹೊಳೆಯ ಪಾಲಾಯಿತು. ತುಂಬಿದ ಜಲಾಶಯ ಕಣ್ಣೆದುರಿಗೆ ಬರಿದಾಗುತ್ತಿತ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಡೆಗೇಟಿನ ತುಂಡುಗಳನ್ನು ನಮ್ಮ ಸೀಮೆಯ ಕಾರ್ಖಾನೆಗಳಲ್ಲೇ ಮಾಡಿಸಿ, ಹರಿಯುವ ನೀರಿನಲ್ಲೇ ಇಳಿಸಿ, 17ರ ಹೊತ್ತಿಗೆ ನೀರು ನಿಲ್ಲಿಸಿದರು. ಮಂತ್ರಿಗಳು ಬಂದರು, ಛಾಯಾಚಿತ್ರಗಳಾದವು. ಆ ತುಂಡುಗಳಿಗೆ ಹಗಲಿರುಳು ಬೆಸುಗೆ ಹಾಕಿದ ಕೈಗಳು ಎಷ್ಟು ಛಾಯಾಚಿತ್ರದಲ್ಲಿವೆಯೋ ಹುಡುಕಿ ನೋಡಿ.

ಇದರಲ್ಲಿ ಇನ್ನೊಂದು ಕಥೆಯುಂಟು. ಆಣೆಕಟ್ಟುಗಳ ಗೇಟು ಮಾಡುವುದಕ್ಕೆಂದೇ ಅದೇ ಹೊಸಪೇಟೆಯಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರಕಾರಿ ಕಾರ್ಖಾನೆ ಇತ್ತು. ಕಂಪನಿಯಾದದ್ದು 1960ರಲ್ಲಿ. ನಷ್ಟ, ನಷ್ಟ ಎಂದು ಹೇಳಿ 2015ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಒಂಬತ್ತು ವರ್ಷ ತುಂಬುವುದರೊಳಗೆ ಆ ಊರ ಆಣೆಕಟ್ಟಿಗೇ ಗೇಟು ಬೇಕಾಯಿತು. ನಷ್ಟದ ಲೆಕ್ಕ ಬರೆದವರು ಆ ವಾರ ಹೊಳೆಗೆ ಹೋದ ನೀರನ್ನು ಯಾವ ಖಾತೆಗೆ ಬರೆದರೋ! ಕಾರ್ಖಾನೆ ಮುಚ್ಚಿದರೆ ಯಂತ್ರ ಹರಾಜಾಗುತ್ತದೆ. ಹಳೆಯ ವೆಲ್ಡರನ ಪಕ್ಕದಲ್ಲಿ ನಿಂತು ಹೊಸಬ ಕಲಿಯುವ ಸಾಲು ಕಡಿಯುತ್ತದೆ. ಅದನ್ನು ಯಾವ ಐ.ಟಿ.ಐ.ಯೂ ಒಂದು ವರ್ಷದಲ್ಲಿ ತುಂಬಿಕೊಡಲಾರದು.

ಆದ್ದರಿಂದ ಮಗನನ್ನೋ ಮಗಳನ್ನೋ ಸೇರಿಸುವ ಮುಂಚೆ ಸಂಸ್ಥೆಯೊಳಗೆ ಹೋಗಿ ನೋಡಿರಿ. ಗೋಡೆಯ ಬಣ್ಣ ನೋಡಬೇಡಿ. ವೆಲ್ಡಿಂಗ್ ಕೋಣೆಗೆ ಹೋಗಿ, ಒಬ್ಬ ವಿದ್ಯಾರ್ಥಿ ದಿನಕ್ಕೆ ಎಷ್ಟು ರಾಡು ಸುಡುತ್ತಾನೆಂದು ಕೇಳಿ. ನೆಲದ ಮೇಲೆ ರಾಡಿನ ತುಂಡು ಕಾಣದಿದ್ದರೆ ಅಲ್ಲಿ ಕಲಿಕೆ ನಡೆದಿಲ್ಲ. ತಲೆಗೊಂದು ಮುಖಗವಸು, ಹೊಗೆ ಎಳೆಯುವ ಫ್ಯಾನು ಇವೆಯೇ ಕೇಳಿ. ರಾಡಿಗೆ ಹಣವಿಲ್ಲ ಎಂದರೆ ನಮಗೆ ತಿಳಿಸಿ. ಆ ಅರ್ಜಿಯನ್ನು ಜಿಲ್ಲಾ ಕಚೇರಿಗೆ ಒಯ್ಯುವುದು ನಮ್ಮ ಕೆಲಸ.

ತರುಣರಿಗೆ ಒಂದು ಮಾತು. 371(ಜೆ) ಕಲಮಿನ ಮೀಸಲಾತಿ ಸರಕಾರಿ ಹುದ್ದೆಗಳಿಗೆ. ತೋರಣಗಲ್ಲಿನ ಖಾಸಗಿ ಕಾರ್ಖಾನೆಗೆ ಅದನ್ನು ಹಿಡಿದುಕೊಂಡು ಹೋಗಬೇಡಿ. ಅಲ್ಲಿ ಕೇಳಬೇಕಾದದ್ದು ನೇಮಕದ ಪತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಮೇಲೆ ನಮ್ಮ ತಕರಾರು ಬಹಳ. ಆದರೂ ಕೆಲಸಗಾರನಿಗೆ ನೇಮಕದ ಪತ್ರ ಕೊಡಲೇಬೇಕೆಂದು ಅವುಗಳಲ್ಲಿ ಬರೆದಿದೆ. ಅದರಲ್ಲಿ 'ಹೆಲ್ಪರ್' ಎಂದಿದ್ದರೆ ಸಹಿ ಹಾಕುವ ಮುಂಚೆ ನಾಲ್ಕು ಜನ ಕೂಡಿ ಕೇಳಿ. ನಾನು ಒಬ್ಬನೇ ಕೇಳಿದ್ದೆ.

ಅಂಕಪಟ್ಟಿ, ಜಾತಿ ಮತ್ತು ಆದಾಯದ ಪತ್ರ ತಂದವರು ಸಭೆ ಮುಗಿದ ಮೇಲೆ ಜಗುಲಿಗೆ ಬನ್ನಿ; ಅರ್ಜಿ ಬರೆದುಕೊಡುವವರು ಅಲ್ಲಿ ಕುಳಿತಿರುತ್ತಾರೆ.