ವೈದ್ಯರು ಬರೆಯಲಾಗದ ಚೀಟಿ

ಗಾಂಜಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೈರಾಗಿಯ ಚಿಲುಮೆ, ಇಲ್ಲವೆ ಪೊಲೀಸರ ಲಾಠಿ. ಅದನ್ನೇ ಔಷಧವೆಂದು ಸರದಿಯಲ್ಲಿ ನಿಂತು ಕೊಳ್ಳುವವರನ್ನು ನಾನು ಕಂಡದ್ದು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ. ಫಿಲಡೆಲ್ಫಿಯದ ಮಗಳ ಮನೆಯಲ್ಲಿದ್ದಾಗ, ಪಾರ್ಕಿನ್ಸನ್ ವ್ಯಾಧಿಯಿಂದ ಬಳಲುತ್ತಿದ್ದ ನೆರೆಮನೆಯ ವೃದ್ಧರೊಬ್ಬರಿಗೆ ಜೊತೆಯಾಗಿ ಅಂತಹ ಅಂಗಡಿಗೆ ಹೋಗಿದ್ದೆ.

ಆ ರಾಜ್ಯದ ಕಾಯಿದೆಗೆ ಗವರ್ನರ್ ಟಾಮ್ ವುಲ್ಫ್ ಅಂಕಿತ ಹಾಕಿದ್ದು 2016ರ ಏಪ್ರಿಲಿನಲ್ಲಿ. ಅದಕ್ಕಾಗಿ ಹ್ಯಾರಿಸ್‌ಬರ್ಗಿನ ಶಾಸನಸಭೆಯ ಮೆಟ್ಟಿಲುಗಳನ್ನು ಹತ್ತಿ ಇಳಿದವರಲ್ಲಿ ಅಪಸ್ಮಾರಪೀಡಿತ ಮಕ್ಕಳ ತಾಯಂದಿರು ಮುಂದಿದ್ದರು. ಅಂಗಡಿಗಳ ಬಾಗಿಲು ತೆರೆದದ್ದು 2018ರ ಫೆಬ್ರವರಿಯಲ್ಲಿ.

ಇಲ್ಲೊಂದು ವಿಚಿತ್ರವಿದೆ. ಕೇಂದ್ರ ಸರ್ಕಾರದ 1970ರ ಕಾಯಿದೆಯು ಗಾಂಜಾವನ್ನು ವೈದ್ಯಕೀಯ ಪ್ರಯೋಜನವೇ ಇಲ್ಲದ ಮಾದಕಗಳ ಮೊದಲ ಪಟ್ಟಿಗೆ ಸೇರಿಸಿತು. ಆದುದರಿಂದ ರಾಜ್ಯದ ವೈದ್ಯರು ಅದಕ್ಕೆ ಚೀಟಿ ಬರೆಯುವಂತಿರಲಿಲ್ಲ. ನಾಲ್ಕು ಗಂಟೆಗಳ ತರಬೇತಿ ಪಡೆದು ಆರೋಗ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿದ ವೈದ್ಯರು, ಈ ರೋಗಿಗೆ ಕಾಯಿದೆಯಲ್ಲಿ ಹೇಳಿರುವ ವ್ಯಾಧಿಗಳಲ್ಲೊಂದು ಉಂಟೆಂದು ಪ್ರಮಾಣಪತ್ರ ನೀಡುತ್ತಾರೆ. ಬಳಿಕ ರೋಗಿ 50 ಡಾಲರ್ ತೆತ್ತು ಗುರುತಿನ ಚೀಟಿ ಪಡೆಯಬೇಕು; ಬಡವರಿಗೆ ಶುಲ್ಕದಲ್ಲಿ ರಿಯಾಯಿತಿಯುಂಟು. ಮಕ್ಕಳ ಪರವಾಗಿ ತಂದೆತಾಯಿ ಪಾಲಕರಾಗಿ ನೋಂದಾಯಿಸಿಕೊಳ್ಳುತ್ತಾರೆ.

ನನ್ನ ಬಳಿ ಆ ಚೀಟಿ ಇರಲಿಲ್ಲವಾಗಿ ನನ್ನನ್ನು ಒಳಗೆ ಬಿಡಲಿಲ್ಲ. ಹೊರಗಿನ ಕೋಣೆಯಲ್ಲೇ ಕುಳಿತೆ. ಒಳಗೆ ನಡೆಯುವುದನ್ನು ವೃದ್ಧರೇ ವಿವರಿಸಿದರು. ಗುರುತಿನ ಚೀಟಿಯನ್ನು ರಾಜ್ಯದ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಬೀಜ ಮೊಳೆತಂದಿನಿಂದ ಮಾರಾಟವಾಗುವವರೆಗೆ ಪ್ರತಿಯೊಂದು ಗಿಡದ ಲೆಕ್ಕವೂ ಇರುತ್ತದೆ. ಮಾಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದರ ಸತ್ವದ ಪ್ರಮಾಣವನ್ನು ಸೀಸೆಯ ಮೇಲೆ ನಮೂದಿಸಿರುತ್ತಾರೆ. ಸಲಹೆ ಕೇಳಲು ಔಷಧಜ್ಞರೊಬ್ಬರು ಲಭ್ಯರಿರಬೇಕು. ಸೇದುವುದಕ್ಕೆ ಮಾತ್ರ ಆ ಕಾಯಿದೆ ಒಪ್ಪುವುದಿಲ್ಲ. ಮನೆಯ ಹಿತ್ತಲಿನಲ್ಲಿ ಗಿಡ ಬೆಳೆಸುವಂತೆಯೂ ಇಲ್ಲ.

ಖರ್ಚೆಲ್ಲ ರೋಗಿಯದೇ, ವಿಮೆಯವರು ಇದಕ್ಕೆ ಹಣ ಕೊಡುವ ನಿರ್ಬಂಧವಿಲ್ಲ. ಫಿಲಡೆಲ್ಫಿಯದ ಅಂಚಿನಲ್ಲೇ ಡೆಲವೇರ್ ನದಿ ಹರಿಯುತ್ತದೆ. ಆಚೆಗೆ ನ್ಯೂ ಜೆರ್ಸಿ. ಅದೇ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಸೇತುವೆ ದಾಟಿದರೆ ಕೇಂದ್ರದ ಕಾಯಿದೆಯ ಕಣ್ಣಿನಲ್ಲಿ ಅದು ಅಪರಾಧ. ಗಾಂಜಾವನ್ನು ಮೂರನೆಯ ಪಟ್ಟಿಗೆ ಇಳಿಸುವ ಪ್ರಸ್ತಾಪವನ್ನು ಕೇಂದ್ರವೇ ಮುಂದಿಟ್ಟದ್ದು 2024ರಲ್ಲಿ.

ಹಿಂದಿರುಗುವ ದಾರಿಯಲ್ಲಿ ವೃದ್ಧರು ಒಂದು ಪುಟ್ಟ ಟಿಪ್ಪಣಿಪುಸ್ತಕವನ್ನು ತೋರಿಸಿದರು. ಎಷ್ಟು ಹನಿ ತೆಗೆದುಕೊಂಡರು, ಎಷ್ಟು ಹೊತ್ತಿಗೆ, ಅಂದು ನಿದ್ದೆ ಬಂದಿತೇ ಇಲ್ಲವೇ—ಎಲ್ಲವನ್ನೂ ನಡುಗುವ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. "ಬೇರೆ ಮಾತ್ರೆಗಳಿಗೆ ವೈದ್ಯರು ಲೆಕ್ಕ ಹೇಳುತ್ತಾರೆ. ಇದರ ಲೆಕ್ಕ ನಾನೇ ಇಡಬೇಕು," ಎಂದರು. ಕೈನಡುಕ ಕಡಿಮೆಯಾಗಿದೆಯೇ ಎಂದು ಕೇಳಿದೆ. ಇಲ್ಲವೆಂದರು, ನಿದ್ದೆ ಮಾತ್ರ ಬರುತ್ತದಂತೆ.

ಒಂದು ಸೊಪ್ಪಿನ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ. ಆದರೆ ರೋಗಿಯನ್ನು ಅಪರಾಧಿಗಳ ಸಾಲಿನಿಂದ ಎಬ್ಬಿಸಿದ ಮೇಲೆ, ಅಳತೆಯ ಹೊರೆಯನ್ನು ಅವನೊಬ್ಬನ ಹೆಗಲಿಗೇ ಬಿಡುವುದು ಎಷ್ಟು ಸರಿ? ಆ ಪುಟ್ಟ ಪುಸ್ತಕ ನೆನಪಾದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.